ಮಿಶ್ರವಾಸ್ತವವೂ ಹಿರಿಯರ ನಡಿಗೆಯೂ

ವೃದ್ಧಾಪ್ಯದಲ್ಲಿ ಬೆನ್ನು ಬಾಗಿ, ಹೆಜ್ಜೆ ಕಿರಿದಾಗಿ, ದೃಷ್ಟಿಯು ನೆಲದಲ್ಲಿಯೇ ನೆಟ್ಟುಕೊಳ್ಳುವುದಕ್ಕೆ ಸ್ನಾಯುದೌರ್ಬಲ್ಯವೊಂದೇ ಕಾರಣವಲ್ಲ. ಬಿದ್ದೇನೆಂಬ ಭೀತಿಯೂ, ನಡೆಯುತ್ತಲೇ ಬೇರೊಂದರತ್ತ ಗಮನವೀಯಲಾರದ ಚಿತ್ತದ ಆಯಾಸವೂ ಅದರಲ್ಲಿ ಪಾಲುಗೊಂಡಿವೆ. ಕಾಲನ್ನೂ ಚಿತ್ತವನ್ನೂ ಒಟ್ಟಿಗೆ ಪಳಗಿಸುವೆನೆನ್ನುವ, ಕಣ್ಣೆದುರಿನ ನಿಜ ನೆಲದ ಮೇಲೆಯೇ ಕೃತಕ ಚಿತ್ರಗಳನ್ನು ಮೂಡಿಸುವ ಮಿಶ್ರವಾಸ್ತವ ತಂತ್ರವನ್ನು ಹೊಸಪೇಟೆ, ಕಂಪ್ಲಿಗಳ ಹಿರಿಯರನ್ನು ನೆನೆದು ಪರೀಕ್ಷಿಸುವುದು ಉಚಿತ.

ಇದರ ನೆರೆಯದಾದ, ಪರದೆಯ ಮೇಲಣ ಕಲ್ಪಿತ ವಾಸ್ತವದ ಪರವಾಗಿ ಬಲವಾದ ಸಾಕ್ಷ್ಯವಿರುವುದು ಮಿರೆಲ್ಮನ್ ಮತ್ತು ಸಂಗಡಿಗರು 2016ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ. ಐದು ದೇಶಗಳ, 60ರಿಂದ 90 ವರ್ಷದ 302 ಮಂದಿಯನ್ನು ವಾರಕ್ಕೆ ಮೂರು ಬಾರಿಯಂತೆ ಆರು ವಾರ ಟ್ರೆಡ್‌ಮಿಲ್ಲಿನ ಮೇಲೆ ನಡೆಸಿ, ಒಂದು ಪಂಗಡಕ್ಕೆ ಮಾತ್ರ ತಮ್ಮ ಪಾದಗಳೇ ಎದುರಿನ ಪರದೆಯಲ್ಲಿ ಅಡೆತಡೆಗಳನ್ನು ದಾಟುವ ದೃಶ್ಯವನ್ನೊಡ್ಡಲಾಯಿತು. ಆರು ತಿಂಗಳಿಗೆ ಸರಾಸರಿ 11.9ರಷ್ಟಿದ್ದ ಬೀಳುವಿಕೆ ಆ ಪಂಗಡದಲ್ಲಿ 6ಕ್ಕಿಳಿಯಿತು. ಬರಿಯ ಟ್ರೆಡ್‌ಮಿಲ್ಲಿನವರಲ್ಲಿ 10.7ರಿಂದ 8.3ಕ್ಕೆ. ಆದರೆ ಇದು ಬಿದ್ದುದರ ಲೆಕ್ಕವೇ ಹೊರತು ಬಾಗಿದ ಬೆನ್ನು ನೆಟ್ಟಗಾದುದರ ಲೆಕ್ಕವಲ್ಲ.

ಭಂಗಿಯ ವಿಷಯದಲ್ಲಿ ನನ್ನ ಆಕ್ಷೇಪವಿರುವುದು ತಲೆಗೆ ತೊಡುವ ಉಪಕರಣದ ಮೇಲೆ. ಅಂಥದೊಂದಾದ, 2019ರ ಹೋಲೋಲೆನ್ಸ್ 2ರ ತೂಕ 566 ಗ್ರಾಂ. ಚಿತ್ರ ಮೂಡುವ ಅದರ ಕಿಟಕಿಯ ಹರವು ಮೂಲೆಯಿಂದ ಮೂಲೆಗೆ 52 ಡಿಗ್ರಿ ಮಾತ್ರ. ಹೆಜ್ಜೆಯಿಡಲು ಗುರುತಾಗಿ ಪಾದದ ಬಳಿ ಮೂಡಿದ ಗೆರೆಯನ್ನು ಆ ಕಿಟಕಿಯೊಳಗೆ ತಂದುಕೊಳ್ಳಬೇಕಾದರೆ ತೊಟ್ಟವನು ಕುತ್ತಿಗೆಯನ್ನು ಇನ್ನಷ್ಟು ಬಗ್ಗಿಸಲೇಬೇಕು. ಯಾವ ಬಾಗನ್ನು ತಿದ್ದಹೊರಟರೋ ಅದನ್ನೇ ಯಂತ್ರವು ರೂಢಿಮಾಡಿಸಿದಂತಾಗುವುದು. ಗೆರೆಯನ್ನು ನಾಲ್ಕಾರು ಹೆಜ್ಜೆ ಮುಂದಕ್ಕೆ ಮೂಡಿಸಿದರೆ ಈ ದೋಷ ತಗ್ಗೀತು.

ಇಂತಹ ಮಾಯೆ ನಮ್ಮ ಸೀಮೆಗೆ ಅಪರಿಚಿತವೇನಲ್ಲ. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಷಾ ರೂಪಿಸಿದ ‘ಪ್ಲೇಸ್-ಹಂಪಿ’ ಎಂಬ ದೃಶ್ಯಕಲಾಕೃತಿ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಕಲಾಧಾಮದಲ್ಲಿ ನೆಲೆಗೊಂಡಿತು. ವರ್ತುಲಾಕಾರದ ಪರದೆಯ ನಡುವೆ ನಿಂತವನಿಗೆ ಹಂಪಿಯ ಬಂಡೆಗಳೊಳಗೆ ದೇವತಾಕೃತಿಗಳು ಚಲಿಸುವುದು ಕಾಣುತ್ತದೆ. ಕಣ್ಣು ಊರೆಲ್ಲ ತಿರುಗುವುದು, ಕಾಲು ನಿಂತಲ್ಲೇ ನಿಲ್ಲುವುದು. ಕಲೆಗೆ ಇಷ್ಟು ಸಾಕು, ಚಿಕಿತ್ಸೆಗೆ ಸಾಲದು. ಕಾಲು ನಡೆದರೂ ಪ್ರಶ್ನೆ ಮುಗಿಯದು: ಟ್ರೆಡ್‌ಮಿಲ್ಲಿನ ಸಮತಟ್ಟಾದ ಪಟ್ಟಿಯ ಮೇಲೆ ಗಳಿಸಿದ ನಡಿಗೆಯು ಮಾತಂಗ ಪರ್ವತದ ಏರುಪೇರಿನ ಮೆಟ್ಟಿಲುಗಳಲ್ಲಿಯೂ ಕಂಪ್ಲಿಯ ಗದ್ದೆಯ ಬದುವಿನಲ್ಲಿಯೂ ಉಳಿಯುವುದೋ ಎಂಬುದನ್ನು ಅಲ್ಲಿಯೇ ನಡೆಸಿ ನೋಡಬೇಕು.

ಬರಿಯ ಗೆರೆಗಾಗಿ ಯಂತ್ರವೇ ಬೇಕೆಂದಿಲ್ಲ. ನೆಲದ ಅಡ್ಡಗೆರೆಗಳು ಪಾರ್ಕಿನ್ಸನ್ ರೋಗಿಗಳ ಹೆಜ್ಜೆಯನ್ನು ನೀಳವಾಗಿಸುವುದನ್ನು ನರವೈದ್ಯ ಪರ್ಡನ್ ಮಾರ್ಟಿನ್ 1967ರಲ್ಲಿಯೇ ವಿವರಿಸಿದ್ದನು; ಹೊಸಪೇಟೆಯ ಯಾವ ಅಂಗಳದಲ್ಲಾದರೂ ಸುಣ್ಣದಿಂದ ಅವನ್ನು ಎಳೆಯಬಹುದು. ಆದರೆ ಥಟ್ಟನೆ ಅಡ್ಡಬರುವ ವಸ್ತುವನ್ನು ಕಂಡು, ಮಾತು ನಿಲ್ಲಿಸದೆ, ಪಾದವೆತ್ತಿ ದಾಟುವ ಅಭ್ಯಾಸವನ್ನು ಸುಣ್ಣದ ಗೆರೆ ಕೊಡಲಾರದು. ಯಂತ್ರಕ್ಕೆ ಹಣ ತೆರುವುದಾದರೆ ಅದೊಂದಕ್ಕೇ ತೆರಬೇಕು.