ಸ್ವಾರಸ್ಯಕ್ಕೆ ಒಂದು ಅಂಕ

ಹತ್ತನೆಯ ತರಗತಿಯ ಪ್ರಥಮ ಭಾಷೆ ಕನ್ನಡದ ಪ್ರಶ್ನೆಪತ್ರಿಕೆಯಲ್ಲಿ ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸುವ ಪ್ರಶ್ನೆಗಳು ವರ್ಷ ತಪ್ಪದೆ ಬರುತ್ತವೆ. ಒಂದೊಂದಕ್ಕೆ 3 ಅಂಕ. ಬರೆಯುವ ಕ್ರಮ ಮಕ್ಕಳಿಗೆ ಬಾಯಿಪಾಠ: ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ತಲೆಬರಹ, ಒಂದೊಂದರ ಕೆಳಗೆ ಒಂದೆರಡು ವಾಕ್ಯ. ಮೊದಲಿನ ಎರಡಕ್ಕೆ ಮಾಹಿತಿ ಸಾಕು, ಯಾರು ಬರೆದದ್ದು, ಯಾರು ಯಾರಿಗೆ ಯಾವಾಗ ಹೇಳಿದ್ದು ಎಂದು ಗೊತ್ತಿದ್ದರೆ ಆಯಿತು. ಮೂರನೆಯದರಲ್ಲಿ ಮಾತ್ರ ಓದಿದವರು ತಾವೇ ಬಾಯಿ ಬಿಡಬೇಕು. ಆ ಮಾತು ತಮಗೇಕೆ ರುಚಿಸಿತು, ಎಲ್ಲಿ ತಟ್ಟಿತು ಎಂದು ಹೇಳಬೇಕು. ನಮ್ಮ ಶಾಲೆಗಳಲ್ಲಿ ಒಂದು ಮಗು ಸಾಹಿತ್ಯವನ್ನು ಓದಿ ತನಗೆ ಅನಿಸಿದ್ದನ್ನು ಬರೆಯುವುದಕ್ಕೆ ಇರುವ ಜಾಗ ಹೆಚ್ಚುಕಡಿಮೆ ಇಷ್ಟೇ. ಅಲ್ಲಿಯೂ ಬಂದು ಕೂಡುವುದು ಇಂಥ ಭಾವ ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ ಎಂಬ ಸಿದ್ಧ ವಾಕ್ಯ. ಗೈಡಿನಲ್ಲಿ ಅಚ್ಚಾಗುವುದು ಅದೇ, ಮಾದರಿ ಉತ್ತರದಲ್ಲಿ ಇರುವುದೂ ಅದೇ. ಮಾಳಮಡ್ಡಿಯಲ್ಲಿ ಬರೆದ ಸ್ವಾರಸ್ಯಕ್ಕೂ ಮಡಿಕೇರಿಯಲ್ಲಿ ಬರೆದ ಸ್ವಾರಸ್ಯಕ್ಕೂ ಅಕ್ಷರದ ವ್ಯತ್ಯಾಸವಿರುವುದಿಲ್ಲ. ಓದಿದವರು ಯಾರು ಎಂದು ತಿಳಿಯಬೇಕಾದ ಜಾಗದಲ್ಲೇ ಯಾರೂ ಇರುವುದಿಲ್ಲ.

ಧಾರವಾಡದ ಮಾಳಮಡ್ಡಿಯ ಹೆಸರನ್ನು ಬೇಕೆಂದೇ ಎತ್ತಿದ್ದೇನೆ. ಸಾಹಿತ್ಯವನ್ನು ಓದಿ ಅದರ ಬಗ್ಗೆ ತನ್ನ ಮಾತಿನಲ್ಲಿ ಬರೆಯುವುದು ಹೇಗೆಂದು ಕನ್ನಡಕ್ಕೆ ತೋರಿಸಿಕೊಟ್ಟ ಊರುಗಳಲ್ಲಿ ಧಾರವಾಡ ಒಂದು. ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ 1933ರಲ್ಲಿ ಇಲ್ಲೇ ಹುಟ್ಟಿತು; ಸುಭಾಸ ರಸ್ತೆಯ ಅದರ ಅಟ್ಟ ಬರೆಯುವವರಿಗೂ ಓದುವವರಿಗೂ ಕೂಡುವ ತಾಣವಾಗಿತ್ತು. ಕೀರ್ತಿನಾಥ ಕುರ್ತಕೋಟಿಯವರ ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’ ಆ ಮಾಲೆಯಿಂದಲೇ ಬಂದದ್ದು. 1995ರಲ್ಲಿ ಅವರ ‘ಉರಿಯ ನಾಲಗೆ’ಗೆ, ಮರುವರ್ಷ ಜಿ.ಎಸ್. ಆಮೂರರು ಬೇಂದ್ರೆಯವರನ್ನು ಕುರಿತು ಬರೆದ ‘ಭುವನದ ಭಾಗ್ಯ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಾಲಾಗಿ ಎರಡು ವರ್ಷ, ಎರಡೂ ವಿಮರ್ಶೆಯ ಪುಸ್ತಕಗಳು. ಕುರ್ತಕೋಟಿಯವರ ಬರಹದಲ್ಲಿ ತಮ್ಮ ಬಗೆಗಿನ ಮಾತು ಬಹಳ ಕಡಿಮೆ, ಆದರೂ ಅದನ್ನು ಇನ್ನೊಬ್ಬರು ಬರೆದಿರಬಹುದೆಂದು ಅನಿಸುವುದಿಲ್ಲ. ಯಾವುದನ್ನು ಎತ್ತಿ ಹಿಡಿಯಬೇಕು, ಎಲ್ಲಿ ನಿಲ್ಲಬೇಕು, ಯಾವ ಹಳೆಯ ಕಾವ್ಯವನ್ನು ಇದರ ಪಕ್ಕಕ್ಕೆ ತಂದಿಡಬೇಕು ಎಂಬ ಆಯ್ಕೆಯಲ್ಲೇ ವ್ಯಕ್ತಿ ಗೊತ್ತಾಗುತ್ತಾನೆ. ಸ್ವಂತ ಪ್ರತಿಕ್ರಿಯೆಯ ಪ್ರಬಂಧಕ್ಕೆ ಬೇಕಾದದ್ದು ಈ ಬಗೆಯ ಸ್ವಂತಿಕೆ. ನನಗೆ ಹೀಗನಿಸಿತು ಎನ್ನುವುದು ವಾದದ ಮೊದಲ ವಾಕ್ಯವಾಗಬೇಕು. ಅನಿಸಿದ್ದು ಪಠ್ಯದ ಯಾವ ಜಾಗದಿಂದ ಬಂತೆಂದು ತೋರಿಸುವ ಹೊಣೆಯನ್ನು ಮುಂದಿನ ವಾಕ್ಯಗಳು ಹೊರಬೇಕು. ಆ ಹೊಣೆ ಹೊತ್ತ ಬರಹ ವಿಮರ್ಶೆಯೇ, ಬರೆದವರಿಗೆ ಹದಿನೈದು ವರ್ಷವಾಗಿರಲಿ ಎಪ್ಪತ್ತಾಗಿರಲಿ.

ಮಾತು ಬರೀ ಮಾತಾಗದಿರಲು ಒಂದು ಪದ್ಯವನ್ನೇ ತೆಗೆದುಕೊಳ್ಳೋಣ. ಹತ್ತನೆಯ ತರಗತಿಯ ಮಕ್ಕಳು ಓದುತ್ತ ಬಂದಿರುವ ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’, 1932ರ ‘ಗರಿ’ ಸಂಕಲನದ್ದು. ಹಕ್ಕಿ ಎಂದರೆ ಕಾಲ, ಕಾಲ ಯಾರಿಗಾಗಿಯೂ ನಿಲ್ಲುವುದಿಲ್ಲ ಎಂಬುದು ಇದಕ್ಕೆ ಗೊತ್ತುಮಾಡಿದ ಸ್ವಾರಸ್ಯ. ತಪ್ಪೇನಲ್ಲ, ಆದರೆ ಅಷ್ಟೇ ಆಗಿದ್ದರೆ ಗೋಡೆಗೆ ಬರೆದ ಒಂದು ಸುಭಾಷಿತ ಸಾಕಿತ್ತು, ಪದ್ಯ ಬೇಕಿರಲಿಲ್ಲ. ಪದ್ಯ ಮಾಡುವುದೇ ಬೇರೆ: ಪ್ರತಿ ನುಡಿಯ ಕೊನೆಗೂ ಓದುಗರತ್ತ ತಿರುಗಿ ನೋಡಿದಿರಾ ಎಂದು ಕೇಳುತ್ತದೆ. ಹಕ್ಕಿಯ ಹಾರಾಟ ಶುರುವಾಗುವುದು ರೆಪ್ಪೆ ಬಡಿಯುವಷ್ಟು ಹೊತ್ತಿನಲ್ಲಿ, ಕೊನೆಗೆ ಅದು ದಿಕ್ಕುಗಳ ಅಂಚಿನಾಚೆಗೆ ಕೊಕ್ಕು ಚಾಚಿರುತ್ತದೆ. ಕೇಳಿದ ಪ್ರಶ್ನೆ ಮಾತ್ರ ಒಂದೇ. ಮೊದಲ ಸಲ ಹೌದು, ನೋಡಿದೆವು ಎಂದುಬಿಡಬಹುದು. ಕೊನೆಯ ಸಲ ಹಾಗೆನ್ನುವ ಧೈರ್ಯ ಉಳಿಯುವುದಿಲ್ಲ. ಹೀಗೆ ಓದುವವರನ್ನು ಬಿಡದೆ ಕೇಳುವ ಪದ್ಯಕ್ಕೆ ಯಾರೂ ಉತ್ತರ ಕೊಡದಂತೆ ಮಾಡಿ, ಉತ್ತರವನ್ನು ಗೈಡಿನಿಂದ ಇಳಿಸಿಕೊಳ್ಳುವುದು ಆ ಪದ್ಯಕ್ಕೆ ಮಾಡಿದ ಅನ್ಯಾಯ.

ಇದೇ ಪದ್ಯದಲ್ಲಿ ಹಕ್ಕಿ ರಾಜ್ಯ ಸಾಮ್ರಾಜ್ಯಗಳನ್ನು ತೆನೆಯ ಹಾಗೆ ಒಕ್ಕುತ್ತದೆ, ಸಾರ್ವಭೌಮರ ನೆತ್ತಿ ಕುಕ್ಕುತ್ತದೆ. ಮಾದರಿ ಉತ್ತರದ ಪ್ರಕಾರ ಇದರ ತಿರುಳು ಸಾಮ್ರಾಜ್ಯಗಳೂ ಅಳಿಯುತ್ತವೆ ಎಂಬುದು. ಆದರೆ ಧಾರವಾಡದ ಸುತ್ತಿನ ಜೋಳದ ಹೊಲವಿರುವ ಮನೆಯ ಹುಡುಗಿಯೊಬ್ಬಳು ಇದನ್ನು ಓದಿದಳೆಂದುಕೊಳ್ಳಿ. ತೆನೆ ಹಾಲುಗಾಳಾದಾಗ ಹಕ್ಕಿಯ ಹಿಂಡು ಇಳಿಯುವುದು, ಕವಣಿ ಬೀಸಿ ಓಡಿಸುವುದು, ಒಕ್ಕಲಿ ಮಾಡುವಾಗ ಕಣದ ಅಂಚಿಗೆ ಗುಬ್ಬಿ ಬಂದು ಕೂಡುವುದು ಅವಳಿಗೆ ಗೊತ್ತು. ಈ ಪದ್ಯದಲ್ಲಿ ಒಕ್ಕುವ ಕೆಲಸವನ್ನೂ ಹಕ್ಕಿಯೇ ಮಾಡುತ್ತಿದೆ, ತಿನ್ನುವ ಕೆಲಸವನ್ನೂ ಅದೇ ಮಾಡುತ್ತಿದೆ ಎಂದು ಅವಳಿಗೆ ಹೊಳೆಯಬಹುದು. ರಾಜರು ಬೆಳೆದದ್ದೆಲ್ಲ ಅವರ ಕಣಜಕ್ಕೆ ಹೋಗಲಿಲ್ಲ, ಹಕ್ಕಿಯ ಪಾಲಾಯಿತು. ಅದೇ ನುಡಿಯಲ್ಲಿ ಮಂಡಲ ಎಂಬ ದೊಡ್ಡ ಮಾತಿಗೆ ಕವಿ ಆಡುಮಾತಿನ ‘ಗಿ’ಕಾರ ಹಚ್ಚಿ, ನಾವು ಊಟಗೀಟ ಎನ್ನುವ ಹಾಗೆ, ಅದನ್ನು ಹಗುರ ಮಾಡಿದ್ದೂ ಆಗ ಅವಳ ಕಿವಿಗೆ ಬೀಳುತ್ತದೆ. ಇಲ್ಲಿ ಅವಳ ಹೊಲ, ಅವಳ ಮನೆ ಪದ್ಯಕ್ಕೆ ಅಡ್ಡ ಬರಲಿಲ್ಲ. ಅವಿಲ್ಲದಿದ್ದರೆ ಕಾಣದೇ ಹೋಗುತ್ತಿದ್ದ ಅರ್ಥ ಕಂಡಿತು. ಅದೇ ತರಗತಿಯ ಇನ್ನೊಬ್ಬ ಹುಡುಗನಿಗೆ ಈ ನುಡಿ ಬರೀ ಭಯ ಹುಟ್ಟಿಸಿರಬಹುದು. ಅವನೂ ಸರಿ, ಆದರೆ ಯುಗಗಳ ಹಣೆಬರಹ ಒರೆಸುವ ಹಕ್ಕಿಯೇ ಹೊಸ ಕಾಲದ ಹಸುಮಕ್ಕಳನ್ನು ಹರಸುತ್ತದಲ್ಲ, ಆ ಜಾಗಕ್ಕೆ ಬಂದಾಗ ತನ್ನ ಭಯವನ್ನು ಏನು ಮಾಡುತ್ತಾನೆ ಎಂದು ಅವನು ಹೇಳಬೇಕಾಗುತ್ತದೆ. ಎರಡು ಓದುಗಳು ಬೇರೆಯಾಗಿದ್ದೂ ಜಗಳಾಡಬಲ್ಲವು, ಏಕೆಂದರೆ ಎರಡಕ್ಕೂ ಪಠ್ಯ ಒಂದೇ.

ಗೈಡಿನ ಸಿದ್ಧ ವಾಕ್ಯಕ್ಕೆ ತದ್ವಿರುದ್ಧವಾದ ಕೆಡುಕೊಂದು ಪರೀಕ್ಷೆಯ ಆಚೆ ಇದೆ. ಮಾಳಮಡ್ಡಿಯಿಂದ ಬೇಂದ್ರೆಯವರ ಮನೆಯಿರುವ ಸಾಧನಕೇರಿ ದೂರವೇನಲ್ಲ, ಆ ಸಾಮೀಪ್ಯದಿಂದಲೋ ಏನೋ ಇಲ್ಲಿ ಬೇಂದ್ರೆಯವರ ಕವಿತೆಯ ಬಗ್ಗೆ ಬರೆಯಹೊರಟವರು ಬಹಳ ಸಲ ಬೇಂದ್ರೆಯವರ ಬಗ್ಗೆ ಬರೆದು ಮುಗಿಸುತ್ತಾರೆ. ಅವರ ಕೊಡೆ, ಅವರ ಬಡತನ, ಮಕ್ಕಳನ್ನು ಕಳೆದುಕೊಂಡ ದುಃಖ, ನಡುವೆ ಲೇಖಕರ ಕಣ್ಣೀರು. ಪ್ರೀತಿ ನಿಜವಾದದ್ದು, ಅದನ್ನು ಅಲ್ಲಗಳೆಯಲಾರೆ. ಆದರೆ ಕವಿತೆ ಹುಟ್ಟಿದ ದುಃಖವನ್ನು ತಿಳಿದು ಅತ್ತವರು ಕವಿತೆಯನ್ನು ಓದಿ ಅತ್ತರೋ, ಸುದ್ದಿ ಕೇಳಿ ಅತ್ತರೋ? ಅದೇ ಸುದ್ದಿಯನ್ನು ಒಂದು ಸಾಧಾರಣ ಪದ್ಯದ ಹಿಂದೆ ಇಟ್ಟರೂ ಅಷ್ಟೇ ಕಣ್ಣೀರು ಬರುವುದಾದರೆ ಆ ಪ್ರಬಂಧ ಕವಿತೆಯ ಬಗ್ಗೆ ಏನನ್ನೂ ಹೇಳಲಿಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ನಮ್ಮ ಕಾವ್ಯಮೀಮಾಂಸೆಯಿಂದಲೇ ಬರಬಹುದು. ಅಭಿನವಗುಪ್ತ ರಸಾನುಭವಕ್ಕೆ ಏಳು ವಿಘ್ನಗಳನ್ನು ಹೇಳುತ್ತಾನೆ, ಅವುಗಳಲ್ಲಿ ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ವಶವಾಗಿಬಿಡುವುದೂ ಒಂದು. ರಸ ಎಂದರೆ ಎಲ್ಲರದಾಗುವುದು. ಹಾಗಿರುವಾಗ ಸ್ವಂತದ ಪ್ರತಿಕ್ರಿಯೆಯನ್ನು ಬರೆಯಿರಿ ಎಂದು ಮಕ್ಕಳನ್ನು ಹುರಿದುಂಬಿಸುವುದು ವಿಘ್ನವನ್ನೇ ಪಾಠವಾಗಿ ಕಲಿಸಿದಂತಲ್ಲವೆ? ಅಭಿನವಗುಪ್ತನ ಮಾತನ್ನು ಪೂರ್ತಿ ನೋಡಿದರೆ ಹಾಗಾಗುವುದಿಲ್ಲ. ಅವನು ವಿಘ್ನವೆನ್ನುವುದು ಸುಖದುಃಖಗಳು ಇರುವುದನ್ನಲ್ಲ, ಅವುಗಳ ಹಿಡಿತಕ್ಕೆ ಸಿಕ್ಕುವುದನ್ನು. ಪ್ರೇಕ್ಷಕ ತನ್ನ ಮನೆಯ ಚಿಂತೆಯನ್ನು ಹೊತ್ತುಕೊಂಡೇ ರಂಗಶಾಲೆಗೆ ಬರುತ್ತಾನೆಂದು ಗೊತ್ತಿದ್ದುದರಿಂದಲೇ ಆ ಹಿಡಿತವನ್ನು ಸಡಿಲಿಸುವ ಉಪಾಯವಾಗಿ ಗೀತವಾದ್ಯಗಳನ್ನು ಹೇಳಿದ. ಇನ್ನು ಅವನ ಸಹೃದಯ ಹುಟ್ಟಿನಿಂದ ಬಂದವನಲ್ಲ. ಕಾವ್ಯವನ್ನು ಮತ್ತೆ ಮತ್ತೆ ಓದಿ ಮನಸ್ಸೆಂಬ ಕನ್ನಡಿಯನ್ನು ತಿಳಿಯಾಗಿಸಿಕೊಂಡವನು. ಅಭ್ಯಾಸದಿಂದ ಬರುವಂಥದ್ದಾದರೆ ಅಭ್ಯಾಸಕ್ಕೆ ಎಡೆ ಕೊಡಬೇಕು, ಅನಿಸಿದ್ದನ್ನು ಬರೆದು ಅದನ್ನು ಪದ್ಯದೊಡನೆ ಒರೆಹಚ್ಚಿ ನೋಡುವುದಕ್ಕಿಂತ ಬೇರೆ ಅಭ್ಯಾಸ ನನಗೆ ತೋರುವುದಿಲ್ಲ.

ಮಕ್ಕಳು ಬರೆದರೆ ಅಪಕ್ವವಾಗಿರುತ್ತದೆ, ಎಲ್ಲಿಂದೆಲ್ಲಿಗೋ ಹೋಗುತ್ತದೆ ಎಂಬ ಮಾತೂ ಇದೆ. ಹೋಗುತ್ತದೆ, ನಿಜ. ಐ.ಎ. ರಿಚರ್ಡ್ಸ್ ಕೇಂಬ್ರಿಜ್‌ನಲ್ಲಿ ಕವಿಗಳ ಹೆಸರು ತೆಗೆದ ಪದ್ಯಗಳನ್ನು ಹಂಚಿ, ಓದಿದವರಿಂದ ಅಭಿಪ್ರಾಯ ಬರೆಸಿ, 1929ರಲ್ಲಿ ಅದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದ. ಒಳ್ಳೆಯ ವಿಶ್ವವಿದ್ಯಾಲಯದ ಓದುಗರೇ ಪದ್ಯದ ಸರಳ ಅರ್ಥವನ್ನು ತಪ್ಪಿದ್ದರು, ಎರವಲು ಭಾವನೆಗಳನ್ನು ತುಂಬಿದ್ದರು, ಪದ್ಯಕ್ಕೆ ಸಂಬಂಧವಿಲ್ಲದ ತಮ್ಮ ನೆನಪುಗಳ ಹಿಂದೆ ಹೋಗಿದ್ದರು. ಇದನ್ನು ಕಂಡ ರಿಚರ್ಡ್ಸ್ ಇನ್ನು ಮುಂದೆ ಅವರಿಂದ ಬರೆಸಬಾರದೆಂಬ ತೀರ್ಮಾನಕ್ಕೆ ಬರಲಿಲ್ಲ. ತಪ್ಪುಗಳನ್ನು ವಿಂಗಡಿಸಿ, ಓದು ಎಲ್ಲಿ ಕೆಡುತ್ತದೆಂದು ತೋರಿಸಿದ. ಬರೆಸಿದ್ದರಿಂದ ತಾನೆ ತಪ್ಪುಗಳು ಕಂಡದ್ದು. ಗೈಡಿನ ವಾಕ್ಯ ಇಳಿಸಿದ ಉತ್ತರಪತ್ರಿಕೆಯಲ್ಲಿ ತಪ್ಪು ಕಾಣುವುದಿಲ್ಲ, ಹಾಗಾಗಿ ತಿದ್ದುವುದಕ್ಕೂ ಅಲ್ಲಿ ಏನೂ ಇರುವುದಿಲ್ಲ.

ಉಳಿದದ್ದು ಮೌಲ್ಯಮಾಪಕರ ಅಡಚಣೆ. ಲಕ್ಷಾಂತರ ಉತ್ತರಪತ್ರಿಕೆಗಳನ್ನು ಕೆಲವೇ ದಿನಗಳಲ್ಲಿ ನೋಡಬೇಕು, ಒಬ್ಬರು ಕೊಟ್ಟ ಅಂಕಕ್ಕೂ ಇನ್ನೊಬ್ಬರು ಕೊಟ್ಟದ್ದಕ್ಕೂ ಅಂತರ ಬಿದ್ದರೆ ನಷ್ಟವಾಗುವುದು ಮಗುವಿಗೆ. ಈ ಕಾಳಜಿ ನ್ಯಾಯವಾದದ್ದು, ಮಾದರಿ ಉತ್ತರವಿಲ್ಲದೆ ರಾಜ್ಯಮಟ್ಟದ ಪರೀಕ್ಷೆ ನಡೆಸುವುದು ಕಷ್ಟವೆಂದು ಒಪ್ಪುತ್ತೇನೆ. ಆದರೆ ಪ್ರಥಮ ಭಾಷೆಗೆ ಲಿಖಿತ ಪರೀಕ್ಷೆಯ 100 ಅಂಕದ ಜೊತೆಗೆ ಆಂತರಿಕ ಮೌಲ್ಯಮಾಪನದ 25 ಅಂಕಗಳಿವೆ, ಅವನ್ನು ಕೊಡುವವರು ವರ್ಷವಿಡೀ ಆ ಮಗುವನ್ನು ಕಂಡ ಶಿಕ್ಷಕರು. ಚಿತ್ರ ಅಂಟಿಸಿ ಕವಿ ಪರಿಚಯ ನಕಲು ಮಾಡಿದ ಚಟುವಟಿಕೆಯ ಪುಸ್ತಕಕ್ಕೆ ಹೋಗುವ ಆ ಅಂಕಗಳಲ್ಲಿ ಕೆಲವನ್ನು ಒಂದು ಪದ್ಯದ ಮೇಲಿನ ಎರಡು ಪುಟದ ಬರಹಕ್ಕೆ ಮೀಸಲಿಡಬಹುದು. ಮಗು ಎರಡು ಸಲ ಬರೆಯಲಿ. ಮೊದಲ ಸಲ ಶಿಕ್ಷಕರು ಅಂಕ ಹಾಕುವುದು ಬೇಡ, ನನಗೆ ಇಷ್ಟವಾಯಿತು ಎಂದಿರುವ ಪ್ರತಿ ಕಡೆಯೂ ಅಂಚಿನಲ್ಲಿ ‘ಯಾವ ನುಡಿಯಲ್ಲಿ?’ ಎಂದು ಕೇಳಿ ಮರಳಿಸಲಿ. ಎರಡನೆಯ ಸಲ ಅಂಕ ಕೊಡುವಾಗ ಆ ಪ್ರಶ್ನೆಗೆ ಉತ್ತರ ಸಿಕ್ಕಿತೇ ಎಂಬುದನ್ನಷ್ಟೇ ನೋಡಲಿ. ಮಗುವಿನ ಅಭಿಪ್ರಾಯ ತಮ್ಮದಕ್ಕೆ ಹೊಂದಿತೇ ಎಂಬುದನ್ನಲ್ಲ.