ದಿಂಬಂ ಇಳಿದು ಟ್ರ್ಯಾಕಿಗೆ: ಸೆಕೆಂಡ್ ಹ್ಯಾಂಡ್ ಕಾರು ಹುಡುಕುವ ರಸಿಕರಿಗೆ

ತಾಳವಾಡಿ, ಹಾಸನೂರು ಸೀಮೆಯಲ್ಲಿ ಬೆಳೆದವರಿಗೆ ಕಾರಿನ ಹುಚ್ಚು ಹತ್ತುವುದು ಸಾಮಾನ್ಯವಾಗಿ ದಿಂಬಂ ಘಾಟಿಯಲ್ಲೇ. ಬಣ್ಣಾರಿಯಿಂದ ಮೇಲಕ್ಕೆ ಇಪ್ಪತ್ತೇಳು ಹೇರ್‌ಪಿನ್ ತಿರುವುಗಳಿರುವಾಗ ಹತ್ತದೆ ಇದ್ದೀತೆ? ಆದರೆ ಆ ಹುಚ್ಚನ್ನು ಅಲ್ಲೇ ತೀರಿಸಿಕೊಳ್ಳಬೇಡಿ. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಕಾಡು ಅದು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಹಗಲಲ್ಲೂ ಕಾರಪಳ್ಳಂ ಚೆಕ್‌ಪೋಸ್ಟಿನ ಆಸುಪಾಸಿನಲ್ಲಿ ಆನೆಗಳು ಕಬ್ಬಿನ ಲಾರಿಗೆ ಕಾದು ನಿಂತಿರುತ್ತವೆ. ತಿರುವಿನಾಚೆ ಏನಿದೆ ಎಂದು ಗೊತ್ತಿಲ್ಲದ ರಸ್ತೆಯಲ್ಲಿ ವೇಗದ ರುಚಿ ನೋಡುವುದು ಬೇರೆಯವರ ಜೀವವನ್ನು ಪಣಕ್ಕಿಟ್ಟಂತೆ.

ಅದಕ್ಕೆ ತಕ್ಕ ಜಾಗ ಬೆಟ್ಟ ಇಳಿದರೆ ಸಿಗುತ್ತದೆ. ಸತ್ಯಮಂಗಲ ದಾಟಿ ಕೊಯಮತ್ತೂರಿಗೆ ಹೋದರೆ ಚೆಟ್ಟಿಪಾಳಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಎಂಬತ್ತರ ದಶಕದಲ್ಲಿ ಮಾರುತಿ 800ರ ಎಂಜಿನ್ನಿನಿಂದ ಫಾರ್ಮುಲಾ ಮಾರುತಿ ಎಂಬ ರೇಸ್ ಕಾರು ಕಟ್ಟಿದ, 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಅವರ ಹೆಸರಿನ ಟ್ರ್ಯಾಕ್ ಅದು. ಇನ್ನೂ ಉದ್ದದ್ದು ಬೇಕೆಂದರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆಯದು, ಸುಮಾರು 3.7 ಕಿಲೋಮೀಟರು. ಇಂಥ ಕಡೆ ನಡೆಯುವ ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಶುಲ್ಕ ಕಟ್ಟಿ, ಹೆಲ್ಮೆಟ್ ಹಾಕಿ, ಸ್ವಂತ ಕಾರನ್ನು ಸರದಿಯಂತೆ ಸ್ವಲ್ಪ ಸ್ವಲ್ಪ ಹೊತ್ತು ಓಡಿಸುವುದು. ಗೆಲುವು, ಬಹುಮಾನ ಯಾವುದೂ ಇಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಹೋಗುವುದರಿಂದ ರಸ್ತೆಯ ಪೂರ್ತಿ ಅಗಲ ನಿಮಗೆ ಸಿಗುತ್ತದೆ. ಹೊರ ಅಂಚಿನಿಂದ ಒಳಕ್ಕೆ, ತಿರುವಿನ ಒಡಲನ್ನು ಸವರಿಕೊಂಡು ಮತ್ತೆ ಹೊರ ಅಂಚಿಗೆ ಹೋಗುವ ಆ ಒಂದು ಗೆರೆಯಲ್ಲೇ ಈ ಕಲೆಯ ಸೊಗಸೆಲ್ಲ ಇದೆ. ಘಾಟಿಯಲ್ಲಿ ಆ ಗೆರೆ ಹಿಡಿಯಲು ಹೋದರೆ ಎದುರಿನ ಲಾರಿಗೆ ಗುದ್ದುತ್ತೀರಿ.

ಕಾರಿನ ಮಾತಿಗೆ ಬರೋಣ. ಹೊಸಬರು ಮೊದಲು ಕೇಳುವುದು ಎಷ್ಟು ಬಿಎಚ್‌ಪಿ ಎಂದು. ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಟ್ರ್ಯಾಕಿನಲ್ಲಿ ಕಾರಿನ ಯೋಗ್ಯತೆ ತಿಳಿಯುವುದು ಅದು ಹೇಗೆ ನಿಲ್ಲುತ್ತದೆ, ಹತ್ತನೇ ಸುತ್ತಿನಲ್ಲೂ ಮೊದಲ ಸುತ್ತಿನಷ್ಟೇ ಚೆನ್ನಾಗಿ ನಿಲ್ಲುತ್ತದೆಯೇ ಎಂಬುದರಲ್ಲಿ. ಗಂಟೆಗೆ 80ರಲ್ಲಿ ಹೋಗುವ ಕಾರನ್ನು ನಿಲ್ಲಿಸುವುದಕ್ಕಿಂತ 120ರದನ್ನು ನಿಲ್ಲಿಸಲು ಬ್ರೇಕು ಎರಡೂಕಾಲು ಪಟ್ಟು ಶಕ್ತಿಯನ್ನು ಶಾಖವಾಗಿ ಹೀರಬೇಕು. ಊರ ರಸ್ತೆಯಲ್ಲಿ ಅಪರೂಪಕ್ಕೊಮ್ಮೆ ಬರುವ ಈ ಪರೀಕ್ಷೆ ಟ್ರ್ಯಾಕಿನಲ್ಲಿ ಪ್ರತಿ ತಿರುವಿಗೂ ಬರುತ್ತದೆ.

ಹಾಗಾಗಿ ಕಾರು ನೋಡಲು ಹೋದಾಗ ಬಾನೆಟ್ ಎತ್ತುವುದಕ್ಕೆ ಮೊದಲು ಚಕ್ರದ ಪಕ್ಕ ಕೂತುಕೊಳ್ಳಿ. ಕಾರು ತಣ್ಣಗಿರುವಾಗ ಡಿಸ್ಕಿನ ಹೊರ ಅಂಚಿಗೆ ಉಗುರು ತಾಗಿಸಿ ಎಳೆಯಿರಿ. ಅಲ್ಲಿ ಎದ್ದ ಅಂಚಿಗೆ ಉಗುರು ಸಿಕ್ಕಿಕೊಂಡರೆ ಡಿಸ್ಕು ಸವೆದಿದೆ. ನೀಲಿ ಛಾಯೆ ಕಂಡರೆ ಹಿಂದೊಮ್ಮೆ ವಿಪರೀತ ಕಾದಿದೆ. ಕೂದಲೆಳೆಯಂಥ ಬಿರುಕುಗಳಿದ್ದರೆ ಹೊಸ ಡಿಸ್ಕಿನ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಹಲವು ಡಿಸ್ಕುಗಳ ಮೇಲೆ ಕನಿಷ್ಠ ದಪ್ಪ ಇಷ್ಟಿರಬೇಕೆಂದು ಅಚ್ಚು ಹಾಕಿರುತ್ತಾರೆ, ಅಳತೆ ಹಿಡಿದು ನೋಡಿ. ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಎಂದು ಕೇಳಿ. ಅದು ಗಾಳಿಯ ತೇವ ಹೀರುವ ದ್ರವ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕೆಂಬ ಮಾನದಂಡವಿದೆ. ನೀರು ಕುಡಿದ ಮೇಲೆ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಮೆತ್ತಗೆ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಯಾವ ಕಾರನ್ನೇ ಕೊಂಡರೂ ಮೊದಲ ಟ್ರ್ಯಾಕ್ ಡೇಗೆ ಮುಂಚೆ ಹೊಸ ಆಯಿಲ್ ಹಾಕಿಸುವುದು ತಪ್ಪಬಾರದು.

ಟೈರಿನ ಪಕ್ಕೆಯ ಮೇಲೆ ನಾಲ್ಕಂಕಿಯ ಗುರುತಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದ್ದು. ಟ್ರೆಡ್ ಚೆನ್ನಾಗಿದ್ದರೂ ವಯಸ್ಸಾದ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ, ಇಲ್ಲವೇ ಕಾರು ಎಲ್ಲೋ ಗುದ್ದಿಸಿಕೊಂಡಿದೆ. ಆಗ ಟಿಂಕರಿಂಗ್ ಕೆಲಸದ ಗುರುತು ಹುಡುಕಬೇಕು: ಬಾನೆಟ್ಟಿನ, ಬಾಗಿಲಿನ ಬೋಲ್ಟುಗಳ ಬಣ್ಣ ಎದ್ದಿದೆಯೇ, ಎರಡು ಕಡೆಯ ಸಂದು ಒಂದೇ ಅಳತೆಯಲ್ಲಿದೆಯೇ, ಮುಂದಿನ ಚಾಸಿಯಲ್ಲಿ ಹೊಸ ವೆಲ್ಡಿಂಗ್ ಇದೆಯೇ. ಎಂಜಿನ್ ಕೈಕೊಟ್ಟರೆ ಬೇರೆ ಎಂಜಿನ್ ಕೂರಿಸಬಹುದು. ಚಾಸಿ ಸೊಟ್ಟಗಾದ ಕಾರನ್ನು ಮಾತ್ರ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟು ಬನ್ನಿ.

ಎಂಜಿನ್ ವಿಷಯಕ್ಕೆ ನಿಮ್ಮ ಮೆಕ್ಯಾನಿಕ್ಕನ್ನೇ ಕರೆದುಕೊಂಡು ಹೋಗಿ. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥದ್ದು ಅಂಟಿದ್ದರೆ, ನೀಲಿ ಹೊಗೆ ಬಂದರೆ ಅವರೇ ಬೇಡ ಎನ್ನುತ್ತಾರೆ. ನೀವು ಮಾಡಬಹುದಾದ ಒಂದು ಪರೀಕ್ಷೆಗೆ ನಮ್ಮ ಘಾಟಿ ಬಹಳ ಒಳ್ಳೆಯದು. ಎಸಿ ಹಾಕಿ, ಯಾವುದಾದರೂ ಲಾರಿಯ ಹಿಂದೆ ಎರಡನೇ ಗೇರಿನಲ್ಲಿ ನಿಧಾನಕ್ಕೆ ಹತ್ತುತ್ತಾ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ. ದಿಂಬಂ ತಲುಪಿದ ಮೇಲೆ ಎಂಜಿನ್ ಆರಿಸದೆ ಸುಮ್ಮನೆ ಬಿಡಿ. ಫ್ಯಾನ್ ತಿರುಗಿ ಮುಳ್ಳು ತನ್ನ ಜಾಗದಲ್ಲೇ ಉಳಿದರೆ ರೇಡಿಯೇಟರ್ ಆರೋಗ್ಯವಾಗಿದೆ.

ಯಾವ ಕಾರು? ಜಗತ್ತಿನಾದ್ಯಂತ ಟ್ರ್ಯಾಕ್ ಪ್ರಿಯರ ಅಚ್ಚುಮೆಚ್ಚು 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5. ಹಗುರ, ಸರಳ, ಶಕ್ತಿ ಸಾಧಾರಣ. ಅದು ನಮ್ಮ ಮಾರುಕಟ್ಟೆಗೆ ಬರಲಿಲ್ಲವಾದರೂ ಅದರ ಗುಣ ಹುಡುಕಿದರೆ ಇಲ್ಲೂ ಸಿಗುತ್ತದೆ. ಹಳೆಯ ಹೋಂಡಾ ಸಿಟಿ ವಿಟೆಕ್ಕಿನ 1.5 ಲೀಟರ್ ಎಂಜಿನ್ 106 ಬಿಎಚ್‌ಪಿಯದು. ಅದರ ಕೂಗು ಕೇಳಿದವರು ಮರೆಯುವುದಿಲ್ಲ. ಆದರೆ ಇಪ್ಪತ್ತು ದಾಟಿದ ಕಾರಿಗೆ ತುಕ್ಕಿನ ಭಯ. 2017ರಲ್ಲಿ ಬಂದ ಬಲೇನೊ ಆರ್‌ಎಸ್ ಹಗುರವಾದದ್ದು, ನಾಲ್ಕು ಚಕ್ರಕ್ಕೂ ಡಿಸ್ಕು. ಹೊಸಬರಿಗೆ ನನ್ನ ಮೊದಲ ಆಯ್ಕೆ. 145 ಬಿಎಚ್‌ಪಿಯ ಅಬಾರ್ತ್ ಪುಂಟೊ ಮನಸ್ಸು ಕದಿಯುತ್ತದೆ, ಬಿಡಿಭಾಗಕ್ಕೆ ಅಲೆಯುವ ತಾಳ್ಮೆಯಿದ್ದವರು ಕೊಳ್ಳಲಿ. ಪೋರ್ಷೆಯಂಥದ್ದು ಅಗ್ಗಕ್ಕೆ ಸಿಕ್ಕರೂ ಅದರ ಬ್ರೇಕು, ಟೈರಿನ ಬೆಲೆ ಮಾತ್ರ ಅಗ್ಗವಾಗುವುದಿಲ್ಲ.

ನಮ್ಮ ಸೀಮೆಯವರಿಗೆ ಇನ್ನೊಂದು ತೊಡಕು. ಕೆಎ 10ರ ಕಾರು ಚಾಮರಾಜನಗರದಲ್ಲಿ ಕಣ್ಣಿಗೆ ಬಿದ್ದೀತು. ಆದರೆ ಗಡಿ ದಾಟಿಸಿ ಇಲ್ಲೇ ಇಟ್ಟುಕೊಳ್ಳಬೇಕೆಂದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಹನ್ನೆರಡು ತಿಂಗಳೊಳಗೆ ತಮಿಳುನಾಡಿನ ನಂಬರ್ ಮಾಡಿಸಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು. ಈ ಖರ್ಚು ಸೇರಿಸಿಯೇ ಬೆಲೆ ಮಾತಾಡಿ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ನಮೂದಾಗಿದ್ದರೆ ತೀರಿದ ಪತ್ರ ಕೇಳಿ. ಮಾಮೂಲಿ ವಿಮೆ ರೇಸಿಗೆ, ವೇಗದ ಪರೀಕ್ಷೆಗೆ ಅನ್ವಯಿಸುವುದಿಲ್ಲ. ಟ್ರ್ಯಾಕಿನಲ್ಲಿ ಗುದ್ದಿದರೆ ದುರಸ್ತಿ ನಿಮ್ಮ ಕೈಯಿಂದಲೇ ಎಂದು ತಿಳಿದು ಹೊರಡಿ.

ಹೋಗುವ ದಿನ ಘಾಟಿಯನ್ನು ಕಡಿಮೆ ಗೇರಿನಲ್ಲಿ ಇಳಿಯಿರಿ, ಬ್ರೇಕನ್ನು ಟ್ರ್ಯಾಕಿಗೆ ಉಳಿಸಿ. ಪ್ರತಿ ಸರದಿಯ ಕೊನೆಯ ಸುತ್ತನ್ನು ನಿಧಾನಕ್ಕೆ ಓಡಿಸಿ ತಣಿಸಿ. ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಕಾದ ಡಿಸ್ಕಿಗೆ ಪ್ಯಾಡು ಕಚ್ಚಿಕೊಳ್ಳುತ್ತದೆ. ಮನೆಗೆ ಹೊರಡುವ ಮುನ್ನ ವೀಲ್ ನಟ್ಟುಗಳನ್ನು ಒಮ್ಮೆ ಬಿಗಿಮಾಡಿ, ಪ್ಯಾಡು ಎಷ್ಟು ಉಳಿದಿದೆ ನೋಡಿ, ಬಣ್ಣಾರಿ ಚೆಕ್‌ಪೋಸ್ಟ್ ಮುಚ್ಚುವುದರೊಳಗೆ ತಲುಪುವಂತೆ ಬಿಡಿ.