ಗೇರು ಇಲ್ಲದ ಪಟ್ಟಿ

ಸ್ಟಾಕ್‌ಹೋಮ್ ಒಪ್ಪಂದದ ಅನುಬಂಧದಲ್ಲಿ ಒಂದು ಕೋಷ್ಟಕವಿದೆ. ಎಡಕ್ಕೆ ಬೆಳೆ, ಬಲಕ್ಕೆ ಕೀಟ. ಭತ್ತಕ್ಕೆ ಕಾಂಡಕೊರಕ, ಕಾಫಿಗೆ ಕಾಯಿಕೊರಕ, ಮಾವಿಗೆ ಜಿಗಿಹುಳು. ಇಂಗ್ಲಿಷಿನ ಆ ಪಟ್ಟಿಯಲ್ಲಿ ತೊಗರಿಗೆ ಹಿಂದಿಯ ‘ಅರ್ಹರ್’ ಎಂದೇ ಬರೆದಿದ್ದಾರೆ. ಸೆಣಬಿನ ಎದುರು ಬಿಹಾರದ ಕಂಬಳಿಹುಳು ರಾಜ್ಯದ ಹೆಸರಿನ ಸಮೇತ ಕುಳಿತಿದೆ. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸೇರಿದ, ಬೇಗ ಅಳಿಯದ ವಿಷಗಳನ್ನು ತಡೆಯುವ ಈ ಒಪ್ಪಂದದ ಸಭೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಜಗತ್ತಿನಿಂದ ತೊಲಗಿಸಲು ಒಪ್ಪಿತು. ಒಪ್ಪುವಾಗಲೇ ಇಂಥ ಬೆಳೆಯ ಇಂಥ ಹುಳುವಿಗೆ ಇನ್ನಷ್ಟು ಕಾಲ ಬಳಸಿಕೊಳ್ಳಬಹುದು ಎಂಬ ರಿಯಾಯಿತಿಯನ್ನೂ ಕೊಟ್ಟಿತು. ಆ ರಿಯಾಯಿತಿಯ ಪಟ್ಟಿ ಇದು. ಯಾವ ದೇಶದ ಒತ್ತಾಯಕ್ಕೆ ಬರೆದದ್ದೆಂದು ‘ಅರ್ಹರ್’ ಒಂದೇ ಪದ ಹೇಳಿಬಿಡುತ್ತದೆ.

ಚಹಾದ ಸಾಲಿನಲ್ಲಿ ಟೀ ಸೊಳ್ಳೆ ಇದೆ. ಕರಾವಳಿಯವರಿಗೆ ಈ ಸೊಳ್ಳೆ ಗೇರಿನದು. ಚಿಗುರಿನ, ಹೂವಿನ ರಸ ಹೀರಿ ಗೊಂಚಲನ್ನೇ ಕರಕಲು ಮಾಡುವ ಇದನ್ನು ಕೊಲ್ಲಲೆಂದು ಕಾಸರಗೋಡಿನ ಪಡ್ರೆಯ ಗುಡ್ಡಗಳ ಮೇಲೆ, ಇತ್ತ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರುತೋಪುಗಳ ಮೇಲೆ ಸುಮಾರು 20 ವರ್ಷ ಹೆಲಿಕಾಪ್ಟರ್ ಹಾರಿ ಎಂಡೋಸಲ್ಫಾನ್ ಸುರಿಯಿತು. ಕೋಷ್ಟಕವನ್ನು ಮೇಲಿಂದ ಕೆಳಗೆ ಎಷ್ಟು ಸಲ ಓದಿದರೂ ಗೇರು ಸಿಗುವುದಿಲ್ಲ. ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದ ಬೆಳೆಗೆ ಆ ವಿಷ ಬೇಕೇಬೇಕೆಂದು ಕೊನೆಗೆ ಯಾರೂ ಪಟ್ಟು ಹಿಡಿಯಲಿಲ್ಲ ಎಂದಾಯಿತು.

ರಾಸಾಯನಿಕಗಳ ಅಪಾಯ ತೂಗುವ ಅಂತರರಾಷ್ಟ್ರೀಯ ಸಭೆಗಳನ್ನು ಗೇಲಿ ಮಾಡುವುದು ಸುಲಭ. ಒಂದು ಪದಕ್ಕೆ ಮಧ್ಯರಾತ್ರಿಯವರೆಗೆ ಜಗ್ಗಾಟ, ಆವರಣ ಚಿಹ್ನೆಗಳ ಕಾಡು, ಯಾರಿಗೂ ಅರ್ಥವಾಗದ ಸಂಕ್ಷೇಪಾಕ್ಷರಗಳು. ಆದರೂ ಈ ಒಪ್ಪಂದದ ಪರಿಶೀಲನಾ ಸಮಿತಿಯ ಕೆಲಸದ ಕ್ರಮವನ್ನು ನಾನು ಮೆಚ್ಚುತ್ತೇನೆ. ಅಲ್ಲಿರುವುದು 31 ತಜ್ಞರು. ರಾಸಾಯನಿಕವೊಂದನ್ನು ಮುಂದಿಟ್ಟರೆ ಅವರು ಕೇಳುವ ಪ್ರಶ್ನೆಗಳು ನೇರ: ಎಷ್ಟು ಕಾಲ ಉಳಿಯುತ್ತದೆ? ಅರ್ಧ ಪಾಲು ಅಳಿಯಲು ನೀರಿನಲ್ಲಿ 2 ತಿಂಗಳಿಗೆ, ಮಣ್ಣಿನಲ್ಲಿ 6 ತಿಂಗಳಿಗೆ ಮೀರುತ್ತದೆಯೇ? ಜೀವಿಗಳ ಮೈಯಲ್ಲಿ ಶೇಖರವಾಗುತ್ತದೆಯೇ? ಬಿದ್ದಲ್ಲಿಂದ ಬಹುದೂರ ಹೋಗುತ್ತದೆಯೇ? ಕೆಡುಕು ಮಾಡುತ್ತದೆಯೇ? ಪೂರ್ಣ ವೈಜ್ಞಾನಿಕ ಖಚಿತತೆ ಇಲ್ಲವೆಂಬ ಕಾರಣಕ್ಕೆ ಪ್ರಸ್ತಾವವನ್ನು ತಡೆದು ನಿಲ್ಲಿಸಬಾರದು ಎಂದು ಒಪ್ಪಂದವೇ ಹೇಳುತ್ತದೆ. ಈ ಒಂದು ಮಾತಿನ ಬೆಲೆ ಗೊತ್ತಾಗಬೇಕಾದರೆ ನಮ್ಮ ಸಮಿತಿಗಳ ಕಥೆ ಕೇಳಬೇಕು.

ಪಡ್ರೆಯಲ್ಲಿ ಕರುಗಳು ಅಂಗ ಊನವಾಗಿ ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀ ಪಡ್ರೆ 1980ರ ಆಸುಪಾಸಿನಲ್ಲೇ ಬರೆದರು. ಅಲ್ಲೇ ರೋಗಿಗಳನ್ನು ನೋಡುತ್ತಿದ್ದ ಡಾ. ವೈ. ಎಸ್. ಮೋಹನ್ ಕುಮಾರ್ ಅವರಿಗೆ ಸಣ್ಣ ಊರೊಂದರಲ್ಲಿ ಇರಬಾರದಷ್ಟು ಕಾಯಿಲೆಗಳು ಕಾಣತೊಡಗಿದವು. ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಹಮದಾಬಾದಿನಿಂದ ಬಂದು ಮಕ್ಕಳ ರಕ್ತ ಪರೀಕ್ಷಿಸಿ, ವಿಷಕ್ಕೂ ಕಾಯಿಲೆಗೂ ನಂಟಿದೆ ಎಂದಿತು. ಆ ವರದಿಯನ್ನು ಒರೆಗೆ ಹಚ್ಚಲು ದುಬೆ ಸಮಿತಿ, ಆಮೇಲೆ ಮಾಯಿ ಸಮಿತಿ. ನಂಟು ಸಾಬೀತಾಗಿಲ್ಲ ಎಂಬುದೇ ಅವುಗಳ ರಾಗ.  ಸಂಶಯದ ಲಾಭ ಡಬ್ಬಿಗೆ, ಸಾಬೀತು ಮಾಡುವ ಹೊರೆ ತೊಟ್ಟಿಲಿಗೆ.

ಹಾಗೆಂದು ಜಿನೀವಾಕ್ಕೆ ಪೂರ್ಣ ಅಂಕ ಕೊಡಲಾರೆ. ‘ಬಹುದೂರ ಹೋಗುತ್ತದೆಯೇ’ ಎಂಬ ಪ್ರಶ್ನೆ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅದಕ್ಕೆ ‘ಹೌದು’ ಎಂಬ ಉತ್ತರ ಬರದಿದ್ದರೆ ಈ ಒಪ್ಪಂದದ ಅಡಿಯಲ್ಲಿ ಕೈಯಿಡುವಂತಿಲ್ಲ. ಎಂಡೋಸಲ್ಫಾನ್ ಉತ್ತರ ಧ್ರುವದ ಗಾಳಿಯಲ್ಲೂ ಸಿಕ್ಕಿತ್ತು, ಹಾಗಾಗಿ ಪಾರಾಗಿ ಬಂತು. ಬರೀ ಪಡ್ರೆಯ ತೋಡಿಗೆ, ಗುಡ್ಡ ಕೊರೆದ ಸುರಂಗದ ನೀರಿಗೆ ಇಳಿದು ಅಲ್ಲೇ ಉಳಿದಿದ್ದರೆ? ಊರಿನವರ ಪಾಲಿಗೆ ಆ ವಿಷ ಪಯಣಿಸಿದ್ದು ಗುಡ್ಡದಿಂದ ಅಂಗಳಕ್ಕೆ. ಅಷ್ಟು ದೂರ ಸಾಲದು ಎನ್ನುವ ಅಳತೆಗೋಲು ಅದು. ಇನ್ನು ವೇಗ: ಯುರೋಪಿಯನ್ ಸಮುದಾಯ ಹೆಸರು ಸೂಚಿಸಿದ್ದು 2007ರಲ್ಲಿ, ಸಮಿತಿಯ ಶಿಫಾರಸು 2010ರ ಅಕ್ಟೋಬರ್‌ನಲ್ಲಿ. ಭಾರತ ಉದ್ದಕ್ಕೂ ಅಡ್ಡ ನಿಂತಿತ್ತು. ಕೊನೆಗೆ ನಮ್ಮಲ್ಲಿ ಬಾಗಿಲು ಹಾಕಿದ್ದು ಸುಪ್ರೀಂ ಕೋರ್ಟ್. 2011ರ ಮೇ 13ರಂದು ಅದು ತಯಾರಿಕೆ, ಮಾರಾಟ, ಬಳಕೆ ಮೂರಕ್ಕೂ ತಡೆ ಕೊಟ್ಟಿತು. ಅಷ್ಟು ಕಾಡಿ ಬೇಡಿ ಪಡೆದ ಕೋಷ್ಟಕ ಒಂದು ತಿಂಗಳೂ ಕಳೆಯುವ ಮೊದಲೇ ಕೆಲಸಕ್ಕೆ ಬಾರದಾಯಿತು.

ಸಭೆಯ ಮಾತು ಇಷ್ಟು. ನನ್ನ ನಿಜವಾದ ತಕರಾರು ತರಬೇತಿಯ ಮೇಲೆ.

ಕೆಲವು ವರ್ಷಗಳ ಹಿಂದೆ ಒಂದು ತಾಲೂಕು ಪೇಟೆಯಲ್ಲಿ ‘ಕೀಟನಾಶಕಗಳ ಸುರಕ್ಷಿತ ಬಳಕೆ’ಯ ಒಂದು ದಿನದ ತರಬೇತಿಗೆ ಹೋಗಿ ಕೂತಿದ್ದೆ. ಬ್ಯಾನರ್, ಹಾಜರಿ ಪುಸ್ತಕ, ಉಪ್ಪಿಟ್ಟು. ಪ್ರತಿಯೊಬ್ಬರಿಗೂ ಒಂದು ಚೀಲ: ಅದರಲ್ಲಿ ಕೈಗವಸು, ಮಾಸ್ಕ್, ಕನ್ನಡಕ, ಪ್ಲಾಸ್ಟಿಕ್ ಏಪ್ರನ್. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳ ಪಾಠ ಚೆನ್ನಾಗಿಯೇ ನಡೆಯಿತು. ಆಮೇಲೆ ಒಬ್ಬರನ್ನು ವೇದಿಕೆಗೆ ಕರೆದು ಎಲ್ಲವನ್ನೂ ತೊಡಿಸಿದರು. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಐದು ನಿಮಿಷದಲ್ಲಿ ಕನ್ನಡಕದೊಳಗೆ ಹಬೆ ಕಟ್ಟಿ ಅವರಿಗೆ ಮೆಟ್ಟಿಲು ಕಾಣದಾಯಿತು. ‘ಹೇಗನ್ನಿಸ್ತದೆ?’ ಎಂದು ಕೇಳಿದಾಗ ಉತ್ತರ ಕೊಡಲು ಮಾಸ್ಕ್ ಕೆಳಗೆಳೆದರು. ಸಭೆ ನಕ್ಕಿತು, ಫೋಟೋ ಬಿತ್ತು.

ಪಕ್ಕದಲ್ಲಿದ್ದ ಹಿರಿಯರನ್ನು ಕೇಳಿದೆ, ನಿಮ್ಮ ತೋಟಕ್ಕೆ ಮದ್ದು ಬಿಡುವುದು ನೀವೇ ಏನು ಎಂದು.

‘ನಾನೆಲ್ಲಿ ಬಿಡುವುದು! ಅದಕ್ಕೆ ಆಳು ಇದ್ದಾನೆ. ಅವನು ಇವತ್ತು ಕೆಲಸಕ್ಕೆ ಬಂದಿದ್ದಾನೆ, ಹಾಗೆ ನಾನು ಇಲ್ಲಿಗೆ ಬಂದೆ. ಅವನು ಇಲ್ಲಿ ಬಂದು ಕೂತರೆ ಇವತ್ತಿನ ಸಂಬಳ ಕೊಡುವುದು ಯಾರು?’

ಆ ದಿನದ ತರಬೇತಿಯ ವಿಮರ್ಶೆ ಅವರ ಆ ಒಂದು ಮಾತಿನಲ್ಲೇ ಇದೆ. ವಿಷ ಮೈಗೆ ಬೀಳುವವನು ತೋಟದಲ್ಲಿ, ಎಚ್ಚರಿಕೆ ಬೀಳುವುದು ಯಜಮಾನರ ಕಿವಿಗೆ. ಸರಿ, ಅವನನ್ನೇ ಕರೆತಂದು ಕೂರಿಸಿದ್ದರೂ ಪಾಠದ ಬುಡ ಗಟ್ಟಿಯಾಗುತ್ತಿರಲಿಲ್ಲ. ಅಪಾಯ ತಗ್ಗಿಸುವ ಶಾಸ್ತ್ರದಲ್ಲಿ ಒಂದು ಸರದಿಯಿದೆ: ಮೊದಲು ಆ ವಸ್ತುವನ್ನೇ ತೆಗೆ, ಆಗದಿದ್ದರೆ ಕಡಿಮೆ ಕೆಟ್ಟದ್ದನ್ನು ತಾ, ಆಮೇಲೆ ಯಂತ್ರ, ವಿಧಾನ ಬದಲಿಸು. ಕೈಗವಸು, ಮಾಸ್ಕ್ ಬರುವುದು ಎಲ್ಲಕ್ಕಿಂತ ಕೊನೆಗೆ. ನಮ್ಮ ತರಬೇತಿ ಶುರುವಾಗುವುದೇ ಅಲ್ಲಿಂದ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಕೀಟನಾಶಕ ಸಂಹಿತೆ ಇನ್ನೂ ಸ್ಪಷ್ಟ: ತೊಡಲು ಹಿಂಸೆಯಾಗುವ, ದುಬಾರಿಯಾದ, ಸುಲಭಕ್ಕೆ ಸಿಗದ ರಕ್ಷಾಕವಚ ಬೇಡುವ ಕೀಟನಾಶಕಗಳನ್ನು, ಅದರಲ್ಲೂ ಸೆಕೆಯ ಸೀಮೆಯ ಸಣ್ಣ ಬಳಕೆದಾರರ, ಕೂಲಿಗಳ ಮಟ್ಟಿಗೆ, ದೂರವಿಡಬೇಕು ಎನ್ನುತ್ತದೆ. ವೇದಿಕೆಯ ಮೇಲೆ ಹಬೆಗಟ್ಟಿದ ಕನ್ನಡಕ ಅದನ್ನೇ ಹೇಳುತ್ತಿತ್ತು. ಅದನ್ನು ತಮಾಷೆ ಎಂದುಕೊಂಡೆವು.

ಇದರಲ್ಲೊಂದು ಜಾಣತನವೂ ಅಡಗಿದೆ. ‘ಕಲಿಸಿಕೊಟ್ಟಿದ್ದೆವಲ್ಲ’ ಎಂಬ ಮಾತು ಮುಂದೆ ಉಪಯೋಗಕ್ಕೆ ಬರುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ಮಂದಿ ಸತ್ತು, ನೂರಾರು ಜನ ಆಸ್ಪತ್ರೆ ಸೇರಿದಾಗಲೂ ಚರ್ಚೆ ಬಹುಬೇಗ ಮಾಸ್ಕ್, ಕೈಗವಸುಗಳ ಕಡೆ ಹೊರಳಿತು. ಅಂಥ ವಿಷ ಅಂಗಡಿಯ ಕಪಾಟಿಗೆ ಬಂದದ್ದು ಹೇಗೆ ಎಂಬುದು ಹಿಂದೆ ಬಿತ್ತು.

ತರಬೇತಿಯೇ ದಂಡ ಎನ್ನುತ್ತಿಲ್ಲ. ಇಂಡೋನೇಷ್ಯಾ 1986ರಲ್ಲಿ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಿತು. ರೈತರ ಕ್ಷೇತ್ರ ಪಾಠಶಾಲೆಗಳು ಶುರುವಾದದ್ದು ಆಮೇಲೆ, 1989ರಲ್ಲಿ. ಅಲ್ಲಿ ವೇದಿಕೆಯಿಲ್ಲ. ವಾರಕ್ಕೊಮ್ಮೆ ಗದ್ದೆಗಿಳಿದು, ತೆಂಡೆ ಬಿಡಿಸಿ ಜಿಗಿಹುಳು ಎಷ್ಟು, ಅದನ್ನು ತಿನ್ನುವ ಜೇಡ ಎಷ್ಟು ಎಂದು ಎಣಿಸಿ, ಔಷಧಿ ಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸುವುದು. ‘ಬೇಡ’ ಎನ್ನಲು ಆ ಪಾಠದಲ್ಲಿ ಜಾಗವಿತ್ತು. ನಾನು ಕೂತಿದ್ದ ಸಭಾಂಗಣದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಪದ ಒಮ್ಮೆಯೂ ಕೇಳಲಿಲ್ಲ. ಜಿನೀವಾದ ಆ ಒಣ ಸಭೆಗೆ ನಾನು ಹೆಚ್ಚು ಅಂಕ ಕೊಡುವುದು ಇದಕ್ಕೇ. ಎಷ್ಟೇ ತಡವಾಗಲಿ, ಅಲ್ಲಿ ವಿಚಾರಣೆಗೆ ನಿಲ್ಲುವುದು ಡಬ್ಬಿ. ನಮ್ಮ ತರಬೇತಿಯಲ್ಲಿ ವಿಚಾರಣೆಗೆ ನಿಲ್ಲುವುದು ಅದನ್ನು ಹಿಡಿದ ಕೈ.

ಆ ತರಬೇತಿ ನಡೆದ ವರ್ಷವೇ ಮೇ ಕೊನೆಗೆ ಪಕ್ಕದಲ್ಲಿ ಕೂತಿದ್ದ ಆ ಹಿರಿಯರು ಸಂತೆಯಲ್ಲಿ ಸಿಕ್ಕರು. ತರಬೇತಿಯ ಚೀಲ ಏನಾಯಿತೆಂದು ವಿಚಾರಿಸಿದೆ. ಮುಖ ಅರಳಿತು. ‘ಆ ಕೈಗವಸು ಭಾರೀ ಉಪಕಾರವಾಯಿತು ಮಾರಾಯ್ರೆ’ ಅಂದರು. ‘ಹಲಸಿನಕಾಯಿ ಬಿಡಿಸುವಾಗ ಒಂಚೂರೂ ಮೇಣ ಅಂಟುವುದಿಲ್ಲ.’